ತುಂಬದ ಭಂಡಾರವು ತುಂಬಿತೆಂದು ಹೇಳಿದಾಗ

ಕೂಡಿಡುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಸುಗ್ಗಿಯಲ್ಲಿ ಬಂದ ಜೋಳವನ್ನು ನೆಲದೊಳಗಣ ಹಗೇವಿಗೆ ಇಳಿಸಿ, ಸುತ್ತಲೂ ಹುಲ್ಲು ಹೊದಿಸಿ, ಬಾಯಿಗೆ ಮಣ್ಣು ಮೆತ್ತಿ, ಕಷ್ಟಕಾಲಕ್ಕೆಂದು ಕಾದಿರಿಸುತ್ತಿದ್ದ ಹಿರಿಯರು ಒಂದು ಮಾತನ್ನು ಚೆನ್ನಾಗಿ ಬಲ್ಲವರಾಗಿದ್ದರು. ಹಗೇವು ಬಾಯಿಯವರೆಗೆ ತುಂಬಿ ಕಾಣುವುದು ಬೇರೆ, ಅದರಲ್ಲಿ ಧಾನ್ಯವೆಷ್ಟು ಹುಲ್ಲೆಷ್ಟು ಎಂಬುದು ಬೇರೆ. ಈ ವಿವೇಕವು ಇಂದಿನ ವಿದ್ಯಾರ್ಥಿಗೂ ಅತ್ಯವಶ್ಯವಾಗಿದೆ. ಏಕೆಂದರೆ ಈಗ ಧಾನ್ಯದಂತೆಯೇ ಅಕ್ಷರ, ಚಿತ್ರ, ಧ್ವನಿಗಳನ್ನೂ ನಾವು ಯಂತ್ರಗಳಲ್ಲಿ ಕೂಡಿಡುತ್ತಿದ್ದೇವೆ.

ಕೆಲವು ಮನೆಗಳಲ್ಲಿ ಹಳೆಯ ಕಂಪ್ಯೂಟರೊಂದನ್ನು ಮೂಲೆಯಲ್ಲಿರಿಸಿ, ಅದಕ್ಕೆ ಎರಡು ಮೂರು ಹಾರ್ಡ್ ಡಿಸ್ಕುಗಳನ್ನು ಜೋಡಿಸಿ, ಮನೆಯವರೆಲ್ಲರ ಫೋಟೋ ಮತ್ತು ಕಾಗದಪತ್ರಗಳ ಪ್ರತಿಗಳನ್ನು ಅದರಲ್ಲಿ ಇಡುವರು. ಹಗಲಿರುಳು ನಡೆಯುತ್ತ ಕೇಳಿದವರಿಗೆ ಕೇಳಿದ್ದನ್ನು ಒದಗಿಸುವ ಈ ಯಂತ್ರಕ್ಕೆ ಸರ್ವರು ಎಂದು ಹೆಸರು. ಒಂದು ದಿನ ಅದು ಇದ್ದಕ್ಕಿದ್ದಂತೆ ‘ಜಾಗವಿಲ್ಲ, ಭಂಡಾರ ತುಂಬಿದೆ’ ಎಂದು ತಿಳಿಸುವುದುಂಟು. ಮನೆಯ ಲೆಕ್ಕದಂತೆ ಅರ್ಧದಷ್ಟೂ ತುಂಬಿರಲಾರದು. ಆಗ ಗಾಬರಿಗೊಂಡವರು ಮಾಡುವ ಮೊದಲ ಕೆಲಸವೆಂದರೆ ಹಳೆಯದನ್ನು ಹುಡುಕಿ ಅಳಿಸುವುದು. ಕೇಡಿಗೆ ಮೂಲವಾಗುವುದೂ ಅದೇ.

ಆದೋನಿ ಮತ್ತು ಆಲೂರು ತಾಲ್ಲೂಕುಗಳು ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯಕ್ಕೆ ಸೇರುವ ಮುನ್ನ ಬಳ್ಳಾರಿ ಜಿಲ್ಲೆಯಲ್ಲಿದ್ದುವು. ಅಲ್ಲಿಂದ ಮದ್ದಿಕೇರದವರೆಗಿನ ಈ ಗಡಿಸೀಮೆಯ ಕನ್ನಡ ಮನೆಗಳಲ್ಲಿ ಅಜ್ಜನ ಕೈಬರಹದ ಲೆಕ್ಕದ ಪುಸ್ತಕವೋ, ಅಜ್ಜಿ ಹಾಡಿದ ಹಾಡಿನ ಧ್ವನಿಯೋ, ಶಾಲೆಯ ಹಳೆಯ ಸಂಚಿಕೆಯ ಪ್ರತಿಯೋ ಇದ್ದರೆ, ಅಂತಹವುಗಳಿಗೆ ಬೇರೆಲ್ಲಿಯೂ ಎರಡನೆಯ ಪ್ರತಿ ಸಿಕ್ಕಲಾರದು. ಅಂಗಡಿಯಲ್ಲಿ ಡಿಸ್ಕು ಸಿಕ್ಕೀತು, ಅಜ್ಜಿಯ ಧ್ವನಿ ಸಿಕ್ಕದು. ಆದುದರಿಂದ ‘ತುಂಬಿದೆ’ ಎಂಬ ವಾರ್ತೆಯನ್ನು ಕೇಳಿದಾಗ ಅದನ್ನು ಹೇಗೆ ಪರೀಕ್ಷಿಸಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಭಂಡಾರವೆಂದರೇನು?

ಹಲವು ಡಿಸ್ಕುಗಳನ್ನು ಕೂಡಿಸಿ ಒಂದೇ ದೊಡ್ಡ ಉಗ್ರಾಣದಂತೆ ಬಳಸುವ ಏರ್ಪಾಡನ್ನು ‘ಸ್ಟೋರೇಜ್ ಪೂಲ್’ ಎನ್ನುವರು. ಈ ಲೇಖನದಲ್ಲಿ ಅದನ್ನು ಭಂಡಾರವೆಂದು ಕರೆಯೋಣ. ಅದರಲ್ಲಿರುವ ಒಂದೊಂದು ಬರಹ ಅಥವಾ ಚಿತ್ರವನ್ನು ಕಡತವೆನ್ನೋಣ.

ಭಂಡಾರವನ್ನು ಕಟ್ಟುವ ಕ್ರಮಗಳು ಹಲವು. ೪ ಟೆರಾಬೈಟಿನ ಎರಡು ಡಿಸ್ಕುಗಳಲ್ಲಿ ಒಂದೇ ವಿಷಯವನ್ನು ಎರಡು ಸಲ ಬರೆದರೆ, ಒಂದು ಕೆಟ್ಟರೂ ಇನ್ನೊಂದು ಉಳಿಯುವುದು. ಆದರೆ ನಮಗೆ ದೊರೆಯುವ ಸ್ಥಳ ೮ ಅಲ್ಲ, ೪ ಮಾತ್ರ. ಅಂತಹ ನಾಲ್ಕು ಡಿಸ್ಕುಗಳನ್ನು ಇರಿಸಿ, ಒಂದರಷ್ಟು ಸ್ಥಳವನ್ನು ಕಳೆದುಹೋದುದನ್ನು ಮರಳಿ ಲೆಕ್ಕಹಾಕಲು ಬೇಕಾದ ಸಂಖ್ಯೆಗಳಿಗೆ ಮೀಸಲಿಟ್ಟರೆ, ೧೬ರಲ್ಲಿ ೧೨ ನಮ್ಮದಾಗುವುದು. ಅಗ್ಗದ ಡಿಸ್ಕುಗಳನ್ನು ಹೀಗೆ ಕೂಡಿಸುವ ಕ್ರಮಗಳನ್ನು ವಿಂಗಡಿಸಿ ಅಮೆರಿಕದ ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ವಿದ್ವಾಂಸರು ೧೯೮೮ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಅನಂತರ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೆಫ್ ಬಾನ್ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್ ಅವರು ೨೦೦೧ರಲ್ಲಿ ಆರಂಭಿಸಿದ ‘ಜೆಡ್‌ಎಫ್‌ಎಸ್’ ಎಂಬ ಏರ್ಪಾಡೂ, ಒರೇಕಲ್ ಸಂಸ್ಥೆಯಲ್ಲಿ ಕ್ರಿಸ್ ಮೇಸನ್ ಅವರು ೨೦೦೭ರಲ್ಲಿ ಆರಂಭಿಸಿದ ‘ಬಿಟಿಆರ್‌ಎಫ್‌ಎಸ್’ ಎಂಬ ಏರ್ಪಾಡೂ ಮನೆಯ ಸರ್ವರುಗಳವರೆಗೆ ಹರಡಿದುವು.

ಅಳತೆಗೋಲು ಏನನ್ನು ಅಳೆಯುತ್ತದೆ?

ನಮ್ಮ ಸೀಮೆಯ ಅತ್ಯಂತ ದೊಡ್ಡ ಭಂಡಾರವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದಿಂದ ಹೊರಡುವ ಕೆಳಮಟ್ಟದ ಕಾಲುವೆಯ ನೀರು ಬಳ್ಳಾರಿಯ ಕಡೆಯಿಂದ ಆದೋನಿಯ ಹೊಲಗಳಿಗೆ ಬರುತ್ತದೆ. ಆ ಜಲಾಶಯದ ಪೂರ್ಣಮಟ್ಟವನ್ನು ೧೬೩೩ ಅಡಿಯೆಂದು ಗೊತ್ತುಪಡಿಸಲಾಗಿದೆ. ೧೯೫೩ರ ಸುಮಾರಿಗೆ ಆ ಮಟ್ಟದಲ್ಲಿ ಹಿಡಿಯುತ್ತಿದ್ದ ನೀರು ಸುಮಾರು ೧೩೩ ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ೨೦೧೬ರ ಅಳತೆಯಂತೆ ಅದೇ ಮಟ್ಟದಲ್ಲಿ ಹಿಡಿಯುವ ನೀರು ಸುಮಾರು ೧೦೫.೮ ಟಿ.ಎಂ.ಸಿ. ಮಾತ್ರ. ಉಳಿದ ಸ್ಥಳವನ್ನು ಹೂಳು ಆಕ್ರಮಿಸಿತು. ಮಟ್ಟದ ಕಲ್ಲು ಎರಡು ಕಾಲದಲ್ಲಿಯೂ ‘ತುಂಬಿದೆ’ ಎಂದೇ ಹೇಳುವುದು. ಅದು ಸುಳ್ಳಾಡುತ್ತಿಲ್ಲ. ಅದು ಅಳೆಯುವುದು ಎತ್ತರವನ್ನು, ನೀರಿನ ಮೊತ್ತವನ್ನಲ್ಲ.

ಕಂಪ್ಯೂಟರಿನ ಭಂಡಾರದಲ್ಲಿಯೂ ಇದೇ ನ್ಯಾಯ. ಮೊದಲನೆಯದಾಗಿ ಅಳತೆಯ ಮಾನವನ್ನೇ ನೋಡಿರಿ. ಡಿಸ್ಕನ್ನು ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸಿ ೪ ಟೆರಾಬೈಟು ಎನ್ನುವರು. ಅನೇಕ ಯಂತ್ರಗಳು ೧೦೨೪ರ ಲೆಕ್ಕದಲ್ಲಿ ಎಣಿಸುವುದರಿಂದ ಅದೇ ಡಿಸ್ಕು ೩.೬೪ ಎಂದು ಕಾಣುವುದು. ಇಲ್ಲಿ ಕಳವೂ ಇಲ್ಲ, ಕೊರತೆಯೂ ಇಲ್ಲ. ಪಾವಿನಿಂದ ಅಳೆದುದನ್ನು ಸೇರಿನ ಲೆಕ್ಕದಲ್ಲಿ ಓದಿದಂತಾಯಿತು, ಅಷ್ಟೆ.

ಒಂದು ಮಾತು, ಹಲವು ಕಾರಣ

ರೋಗಿಯು ‘ಜ್ವರ’ ಎಂದಾಗ ವೈದ್ಯನು ಒಂದೇ ಔಷಧವನ್ನು ಕೊಡುವುದಿಲ್ಲ. ಜ್ವರದ ಕಾರಣವನ್ನು ವಿಚಾರಿಸುವನು. ‘ಜಾಗವಿಲ್ಲ’ ಎಂಬ ಯಂತ್ರದ ಮಾತಿಗೂ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದ ಆರನ್ನು ಉಗ್ರಾಣದ ಹೋಲಿಕೆಯಿಂದ ತಿಳಿಯೋಣ.

ಒಂದನೆಯದು, ಮೀಸಲು. ಉಗ್ರಾಣದಲ್ಲಿ ಆಳು ತಿರುಗಾಡಲು ದಾರಿ ಬಿಡದೆ ಮೂಟೆಗಳನ್ನು ಒಟ್ಟಿದರೆ, ಒಂದನ್ನು ಹೊರತೆಗೆಯುವುದೂ ಸಾಧ್ಯವಾಗದು. ಆದುದರಿಂದ ಭಂಡಾರವೂ ಸ್ವಲ್ಪ ಸ್ಥಳವನ್ನು ತನಗಾಗಿ ಇರಿಸಿಕೊಳ್ಳುತ್ತದೆ. ಲಿನಕ್ಸಿನ ‘ಇಎಕ್ಸ್‌ಟಿ-೪’ ಎಂಬ ಏರ್ಪಾಡು ಬೇರೆ ಆಜ್ಞೆ ಕೊಡದಿದ್ದರೆ ನೂರಕ್ಕೆ ಐದು ಪಾಲನ್ನು ಯಂತ್ರದ ಮೇಲ್ವಿಚಾರಕನಿಗೆಂದು ಮೀಸಲಿಡುವುದು. ೪ ಟೆರಾಬೈಟಿನಲ್ಲಿ ಇದು ೨೦೦ ಗಿಗಾಬೈಟಾಯಿತು. ಜೆಡ್‌ಎಫ್‌ಎಸ್ ಸುಮಾರು ಮೂವತ್ತೆರಡನೆಯ ಒಂದು ಪಾಲನ್ನು ಇರಿಸಿಕೊಳ್ಳುವುದು. ಅದು ಇರುವುದನ್ನು ತಿದ್ದದೆ ಹೊಸ ಸ್ಥಳದಲ್ಲಿ ಬರೆಯುವ ಏರ್ಪಾಡಾದುದರಿಂದ, ಅಳಿಸುವ ಕೆಲಸಕ್ಕೂ ಅದಕ್ಕೆ ಕೊಂಚ ಸ್ಥಳ ಬೇಕು.

ಎರಡನೆಯದು, ಲೆಕ್ಕದ ಪುಸ್ತಕದ ಹಾಳೆ ಮುಗಿಯುವುದು. ಉಗ್ರಾಣದಲ್ಲಿ ಸ್ಥಳವಿದ್ದರೂ, ಹೊಸ ಮೂಟೆಯನ್ನು ಬರೆದುಕೊಳ್ಳಲು ಪುಸ್ತಕದಲ್ಲಿ ಸಾಲಿಲ್ಲದಿದ್ದರೆ ಲೆಕ್ಕಿಗನು ಅದನ್ನು ಒಳಗೆ ಬಿಡಲಾರನು. ಪ್ರತಿ ಕಡತಕ್ಕೆ ಹೀಗೆ ಒಂದು ನಮೂದು ಬೇಕು. ಅದಕ್ಕೆ ‘ಐನೋಡ್’ ಎನ್ನುವರು. ಇಎಕ್ಸ್‌ಟಿ-೪ರಲ್ಲಿ ಇವುಗಳ ಸಂಖ್ಯೆ ಡಿಸ್ಕನ್ನು ಸಿದ್ಧಪಡಿಸಿದ ದಿನವೇ ಗೊತ್ತಾಗಿಬಿಡುತ್ತದೆ. ಸಾಮಾನ್ಯವಾಗಿ ೧೬ ಕಿಲೋಬೈಟಿಗೆ ಒಂದರಂತೆ, ೩೨ ಗಿಗಾಬೈಟಿನ ಭಾಗದಲ್ಲಿ ಸುಮಾರು ೨೧ ಲಕ್ಷ. ಲಕ್ಷಾಂತರ ಪುಟ್ಟ ಕಡತಗಳು ಸೇರಿದಾಗ ಸ್ಥಳ ಉಳಿದಿದ್ದರೂ ನಮೂದು ಮುಗಿಯುವುದು. ಆಗಲೂ ಯಂತ್ರ ಹೇಳುವುದು ‘ಜಾಗವಿಲ್ಲ’ ಎಂಬ ಅದೇ ಮಾತನ್ನೇ. ಜೆಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್‌ಗಳು ನಮೂದುಗಳನ್ನು ಬೇಕಾದಂತೆ ಹುಟ್ಟಿಸಿಕೊಳ್ಳುವುದರಿಂದ ಅವುಗಳಲ್ಲಿ ಈ ತೊಂದರೆ ಈ ರೂಪದಲ್ಲಿ ಬಾರದು.

ಮೂರನೆಯದು, ಅರ್ಧ ತುಂಬಿದ ಕಣಜಗಳು. ಉಗ್ರಾಣದ ನೆಲವನ್ನೆಲ್ಲ ಶೇಂಗಾದ ಕಣಜಗಳಿಗೆ ಹಂಚಿಕೊಟ್ಟಾಗಿದೆ. ಪ್ರತಿಯೊಂದು ಕಣಜವೂ ಅರ್ಧ ಬರಿದಾಗಿದೆ. ಆದರೆ ಜೋಳಕ್ಕೆ ಹೊಸ ಕಣಜ ಕಟ್ಟಲು ನೆಲವಿಲ್ಲ. ಬಿಟಿಆರ್‌ಎಫ್‌ಎಸ್‌ನಲ್ಲಿ ಆಗುವುದು ಇದೇ. ಅದು ಸ್ಥಳವನ್ನು ಸಾಧಾರಣವಾಗಿ ಒಂದೊಂದು ಗಿಗಾಬೈಟಿನ ತುಂಡುಗಳಾಗಿ ವಿಷಯಕ್ಕೆಂದು ಹಂಚುತ್ತದೆ. ವಿಷಯದ ಪಟ್ಟಿಗೆ, ಎಂದರೆ ಯಾವುದು ಎಲ್ಲಿದೆಯೆಂಬ ಲೆಕ್ಕಕ್ಕೆ, ಬೇರೆ ತುಂಡುಗಳನ್ನು ಕೊಡುತ್ತದೆ. ಎಲ್ಲವೂ ವಿಷಯಕ್ಕೆ ಹಂಚಿಹೋಗಿ, ಪಟ್ಟಿಯ ತುಂಡು ತುಂಬಿತೆಂದರೆ, ನೂರಾರು ಗಿಗಾಬೈಟು ಬರಿದಾಗಿದ್ದರೂ ಒಂದು ಚಿಕ್ಕ ಕಡತವನ್ನು ಬರೆಯಲಾಗದು. ಭಂಡಾರವು ತುಂಬದೆಯೇ ತುಂಬಿದೆಯೆಂದು ಹೇಳುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆಯಿಲ್ಲ. ಇಲ್ಲಿ ಬೇಕಾದದ್ದು ಅಳಿಸುವಿಕೆಯಲ್ಲ, ಮರುಹೊಂದಾಣಿಕೆ. ಅರ್ಧ ಕಣಜಗಳೆರಡನ್ನು ಒಂದಕ್ಕೆ ಸುರಿದು, ಬರಿದಾದ ನೆಲವನ್ನು ಬಿಡಿಸಿಕೊಳ್ಳಬೇಕು. ಈ ಕೆಲಸಕ್ಕೆ ‘ಬ್ಯಾಲೆನ್ಸ್’ ಎಂಬ ಆಜ್ಞೆಯಿದೆ. ಮೊದಲು ಪೂರ್ತಿ ಬರಿದಾದ ತುಂಡುಗಳನ್ನು, ಬಳಿಕ ನೂರಕ್ಕೆ ಹತ್ತರೊಳಗೆ ತುಂಬಿದವನ್ನು, ಆಮೇಲೆ ಇಪ್ಪತ್ತರೊಳಗಿನವನ್ನು ಹೀಗೆ ಮೆಲ್ಲಮೆಲ್ಲನೆ ಸಾಗಬೇಕು.

ನಾಲ್ಕನೆಯದು, ಹಿಂದಿನ ದಿನಗಳ ನೆರಳು. ಈ ಎರಡು ಏರ್ಪಾಡುಗಳೂ ಭಂಡಾರದ ಒಂದು ಕ್ಷಣದ ಸ್ಥಿತಿಯನ್ನು ಹಾಗೆಯೇ ಹಿಡಿದಿಡಬಲ್ಲವು. ಅದಕ್ಕೆ ‘ಸ್ನ್ಯಾಪ್‌ಶಾಟ್’ ಎಂದು ಹೆಸರು. ಅದು ಮಾಡಿದ ದಿನ ಬಹು ಸ್ವಲ್ಪ ಸ್ಥಳವನ್ನೇ ಹಿಡಿಯುವುದು. ಆದರೆ ಮರುದಿನ ನೀವು ಒಂದು ದೊಡ್ಡ ಕಡತವನ್ನು ಅಳಿಸಿದರೆ, ನಿನ್ನೆಯ ಸ್ನ್ಯಾಪ್‌ಶಾಟ್ ಅದನ್ನು ಬಿಟ್ಟುಕೊಡದು. ಮನೆಯವರು ಅಳಿಸುತ್ತಲೇ ಇರುವರು, ಸ್ಥಳ ಮಾತ್ರ ಮರಳಿ ಬಾರದು.

ಐದನೆಯದು, ಹೆಸರಿಲ್ಲದ ಕಡತ. ಒಂದು ಕಾರ್ಯಕ್ರಮವು ಕಡತವನ್ನು ತೆರೆದು ಬರೆಯುತ್ತಿರುವಾಗಲೇ ಯಾರಾದರೂ ಅದನ್ನು ಅಳಿಸಿದರೆ, ಪಟ್ಟಿಯಿಂದ ಅದರ ಹೆಸರು ಹೋಗುವುದು, ಸ್ಥಳ ಹೋಗದು. ಆ ಕಾರ್ಯಕ್ರಮವನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಸ್ಥಳ ಬಿಡುಗಡೆಯಾಗುವುದು. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದೊಡನೆ ತೊಂದರೆ ಮಾಯವಾಯಿತೆಂದು ಹಲವರು ಹೇಳುವ ಮಾತಿನ ಮರ್ಮ ಅನೇಕ ವೇಳೆ ಇದೇ.

ಆರನೆಯದು, ತಪ್ಪು ಬಾಗಿಲು. ಕರೆಂಟು ಹೋಗಿಬಂದ ಬಳಿಕ ಡಿಸ್ಕುಗಳ ಭಂಡಾರವು ಸರ್ವರಿಗೆ ಸರಿಯಾಗಿ ಜೋಡಣೆಯಾಗದೆ ಉಳಿದಿರಬಹುದು. ಆದರೆ ಭಂಡಾರದ ಹೆಸರಿನ ಬರಿಯ ಕೋಶವೊಂದು ಸರ್ವರಿನ ಚಿಕ್ಕ ಡಿಸ್ಕಿನಲ್ಲಿಯೂ ಇರುವುದರಿಂದ, ಫೋನುಗಳು ಕಳುಹಿದ ಫೋಟೋಗಳೆಲ್ಲ ಅದರಲ್ಲಿ ಬೀಳುತ್ತ ಚಿಕ್ಕ ಡಿಸ್ಕು ತುಂಬುವುದು. ದೊಡ್ಡ ಉಗ್ರಾಣ ಬರಿದಾಗಿದೆ. ಮೂಟೆಗಳು ಜಗುಲಿಯಲ್ಲಿ ಬಿದ್ದಿವೆ. ಬಳಿಕ ಭಂಡಾರ ಜೋಡಣೆಯಾದರೆ ಜಗುಲಿಯ ಮೂಟೆಗಳು ಅದರ ಹಿಂದೆ ಮರೆಯಾಗಿ ಕಣ್ಣಿಗೂ ಕಾಣವು.

ಪರೀಕ್ಷೆಯ ಕ್ರಮ

ಕಾರಣಗಳನ್ನು ತಿಳಿದ ಮೇಲೆ ಕ್ರಮ ಕಠಿಣವಲ್ಲ. ಕೆಳಗಿನ ಅನುಕ್ರಮವನ್ನು ಬಿಡದೆ ಅನುಸರಿಸತಕ್ಕದ್ದು.

೧. ಮೊದಲು ಏನನ್ನೂ ಅಳಿಸಬಾರದು. ಹೊಸದನ್ನು ಬರೆಯುವ ಕೆಲಸಗಳನ್ನು ನಿಲ್ಲಿಸಬೇಕು. ಅಮೂಲ್ಯವಾದುದರ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಅದನ್ನೇ ಮೊದಲು ಮಾಡಬೇಕು.

೨. ಯಂತ್ರವು ಹೇಳಿದ ಮಾತನ್ನು ಅಕ್ಷರಶಃ ಬರೆದುಕೊಳ್ಳಬೇಕು. ಹೇಳಿದವರು ಯಾರು? ಭಂಡಾರವೋ, ಸರ್ವರಿನ ಚಿಕ್ಕ ಡಿಸ್ಕೋ, ಇಲ್ಲವೆ ಒಬ್ಬೊಬ್ಬರಿಗೆ ಗೊತ್ತುಪಡಿಸಿದ ಪಾಲಿನ ಮಿತಿಯೋ?

೩. ಮೂರು ಲೆಕ್ಕಗಳನ್ನು ಕೇಳಬೇಕು. ಡಿ, ಎಫ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳ ಆಜ್ಞೆಯು ಡಿಸ್ಕಿನಲ್ಲಿ ಎಷ್ಟು ಬಳಕೆಯಾಗಿದೆಯೆಂದು ಹೇಳುವುದು. ಡಿ, ಯು ಎಂಬ ಆಜ್ಞೆಯು ಕಣ್ಣಿಗೆ ಕಾಣುವ ಕಡತಗಳನ್ನು ಒಂದೊಂದಾಗಿ ಎಣಿಸಿ ಮೊತ್ತ ಹೇಳುವುದು. ಮೂರನೆಯದು ಭಂಡಾರದ ಏರ್ಪಾಡು ತಾನೇ ಕೊಡುವ ವಿವರವಾದ ಲೆಕ್ಕ.

೪. ಮೊದಲನೆಯ ಎರಡು ಲೆಕ್ಕಗಳು ಸಮನಾಗಿದ್ದರೆ ಭಂಡಾರ ನಿಜವಾಗಿಯೇ ತುಂಬಿರಬಹುದು. ಡಿ-ಎಫ್ ಹೆಚ್ಚು ಹೇಳಿ ಡಿ-ಯು ಕಡಿಮೆ ಹೇಳಿದರೆ ಸ್ನ್ಯಾಪ್‌ಶಾಟ್, ಹೆಸರಿಲ್ಲದ ಕಡತ, ಮರೆಯಾದ ಜಗುಲಿ, ಈ ಮೂರನ್ನು ಕ್ರಮವಾಗಿ ಶಂಕಿಸಬೇಕು. ಎರಡೂ ಕಡಿಮೆ ಹೇಳಿದಾಗಲೂ ‘ಜಾಗವಿಲ್ಲ’ ಎಂಬ ಉತ್ತರ ಬಂದರೆ ಐನೋಡ್, ಪಟ್ಟಿಯ ತುಂಡು ಅಥವಾ ಪಾಲಿನ ಮಿತಿಯನ್ನು ನೋಡಬೇಕು.

೫. ಕಾರಣ ಒಂದೆಂದು ಗೊತ್ತಾದ ಮೇಲೆ ಒಂದು ಸಲಕ್ಕೆ ಒಂದೇ ಉಪಾಯವನ್ನು ಮಾಡಿ, ಮತ್ತೆ ಮೂರು ಲೆಕ್ಕಗಳನ್ನು ಓದಬೇಕು. ಹತ್ತು ಉಪಾಯಗಳನ್ನು ಒಟ್ಟಿಗೆ ಮಾಡಿದವನಿಗೆ ಯಾವುದು ಫಲಿಸಿತೆಂಬುದು ತಿಳಿಯದು.

ಒಂದು ಲೆಕ್ಕ

ಊಹೆಯ ಉದಾಹರಣೆಯೊಂದನ್ನು ಬಿಡಿಸೋಣ. ಒಂದು ಮನೆಯಲ್ಲಿ ೪ ಟೆರಾಬೈಟಿನ ಎರಡು ಡಿಸ್ಕುಗಳ ಜೋಡಿಯಿದೆ, ಏರ್ಪಾಡು ಜೆಡ್‌ಎಫ್‌ಎಸ್. ಯಂತ್ರದ ಮಾನದಲ್ಲಿ ಅದು ೩.೬. ಮೀಸಲು ೦.೧ ಕಳೆದರೆ ಮನೆಯವರಿಗೆ ೩.೫. ಭಂಡಾರವು ಇದಿಷ್ಟೂ ಮುಗಿಯಿತೆನ್ನುತ್ತದೆ. ಕಾಣುವ ಕಡತಗಳನ್ನು ಎಣಿಸಿದರೆ ೨.೧ ಮಾತ್ರ. ಹಾಗಾದರೆ ೧.೪ ಎಲ್ಲಿ ಹೋಯಿತು? ಸ್ನ್ಯಾಪ್‌ಶಾಟುಗಳ ಲೆಕ್ಕ ಕೇಳಿದರೆ ೧.೩ ಎಂದು ಬರುತ್ತದೆ. ಒಂದು ಮದುವೆಯ ವಿಡಿಯೋಗಳನ್ನು ತಂದು, ಕೆಲವು ವಾರ ಇಟ್ಟು, ಬಳಿಕ ಅಳಿಸಿದ್ದರು. ಪ್ರತಿದಿನದ ಸ್ನ್ಯಾಪ್‌ಶಾಟುಗಳು ಅವನ್ನು ಹಿಡಿದುಕೊಂಡಿದ್ದುವು. ಉಳಿದ ೦.೧ ಒಂದು ಕಾರ್ಯಕ್ರಮವು ಹಿಡಿದುಕೊಂಡಿದ್ದ ಹೆಸರಿಲ್ಲದ ದಿನಚರಿ ಕಡತ. ೨.೧, ೧.೩, ೦.೧ ಕೂಡಿಸಿದರೆ ೩.೫. ಲೆಕ್ಕ ಸರಿಹೋಯಿತು.

ಈಗ ಪರಿಹಾರವೂ ತಾನಾಗಿ ತೋರುವುದು. ಕಾರ್ಯಕ್ರಮವನ್ನು ಮತ್ತೆ ಆರಂಭಿಸಿದರೆ ೦.೧ ಬರುವುದು. ವಿಡಿಯೋಗಳ ಬೇರೆ ಪ್ರತಿ ಇದೆಯೆಂದೋ, ಅವು ಬೇಡವೆಂದೋ ಮನೆಯವರೆಲ್ಲರೂ ಒಪ್ಪಿದ ಬಳಿಕ ಅವನ್ನು ಹಿಡಿದಿರುವ ಹಳೆಯ ಸ್ನ್ಯಾಪ್‌ಶಾಟುಗಳನ್ನು ತೆಗೆಯಬಹುದು. ಒಂದೇ ವಿಡಿಯೋವನ್ನು ಹಲವು ಸ್ನ್ಯಾಪ್‌ಶಾಟುಗಳು ಹಿಡಿದಿದ್ದರೆ, ಕೊನೆಯದು ಹೋಗುವವರೆಗೆ ಸ್ಥಳ ಬಾರದೆಂಬುದನ್ನು ನೆನಪಿಡಬೇಕು. ಅಜ್ಜನ ಲೆಕ್ಕದ ಪುಸ್ತಕದ ಒಂದು ಪುಟವನ್ನೂ ಮುಟ್ಟುವ ಅಗತ್ಯ ಬೀಳಲಿಲ್ಲ.

ಅಳಿಸುವ ಮುನ್ನ

ಸ್ಥಳಕ್ಕಾಗಿ ಹಳೆಯ ಬರಹಗಳನ್ನು ಅಳಿಸುವುದು ಎಷ್ಟು ನಿರರ್ಥಕವೆಂಬುದನ್ನು ಅಂಕಗಣಿತವೇ ತೋರಿಸುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟ ಯೂನಿಕೋಡ್ ಎಂಬ ಕ್ರಮದಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಇಂದು ಬಹುವಾಗಿ ಬಳಕೆಯಲ್ಲಿರುವ ‘ಯುಟಿಎಫ್-೮’ ಎಂಬ ಬರೆಯುವ ವಿಧಾನದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕು. ‘ಮದ್ದಿಕೇರ’ ಎಂಬ ಪದದಲ್ಲಿ ಮ, ದ, ಅರ್ಧಾಕ್ಷರದ ಗುರುತು, ದ, ಇಕಾರ, ಕ, ಏಕಾರ, ರ ಹೀಗೆ ಎಂಟು ಸಂಕೇತಗಳು. ಎಂದರೆ ೨೪ ಬೈಟು. ಪುಟಕ್ಕೆ ೧೫೦೦ ಸಂಕೇತಗಳಂತೆ ೨೦೦ ಪುಟಗಳ ಒಂದು ಪುಸ್ತಕವನ್ನು ಅಕ್ಷರರೂಪದಲ್ಲಿ ಇಟ್ಟರೆ ೯ ಲಕ್ಷ ಬೈಟು, ಒಂದು ಮೆಗಾಬೈಟಿಗೂ ಕಡಿಮೆ. ೪ ಟೆರಾಬೈಟಿನಲ್ಲಿ ಅಂತಹ ಪುಸ್ತಕಗಳು ನಾಲ್ವತ್ತು ಲಕ್ಷಕ್ಕೂ ಹೆಚ್ಚು ಹಿಡಿಯುವುವು. ಫೋನಿನಲ್ಲಿ ತೆಗೆದ ಒಂದು ನಿಮಿಷದ ವಿಡಿಯೋ ನೂರು ಮೆಗಾಬೈಟಿನಷ್ಟಾದರೂ ಆಗಬಹುದು. ಅದೊಂದರ ಸ್ಥಳದಲ್ಲಿ ನೂರಕ್ಕೂ ಮಿಕ್ಕಿದ ಪುಸ್ತಕಗಳು ಕುಳಿತುಕೊಳ್ಳುವುವು. ಪುಟಗಳನ್ನು ಚಿತ್ರಗಳಾಗಿ ಇಟ್ಟರೆ ಸ್ಥಳ ಹೆಚ್ಚು ಬೇಕಾದರೂ, ವಿಡಿಯೋಗಳ ಮುಂದೆ ಅದೂ ಸಣ್ಣದೇ. ಮನೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಅನೇಕ ವೇಳೆ ಅತ್ಯಂತ ಕಡಿಮೆ ಸ್ಥಳವನ್ನು ಹಿಡಿಯುವುದಾಗಿರುತ್ತದೆ. ಅದನ್ನು ಅಳಿಸಿದವನು ಜಾಗವನ್ನೂ ಗಳಿಸನು, ವಸ್ತುವನ್ನೂ ಕಳೆದುಕೊಳ್ಳುವನು.

ಪೋಷಕರಿಗೆ ಒಂದು ಮಾತನ್ನು ವಿಶೇಷವಾಗಿ ಅರಿಕೆ ಮಾಡಬೇಕಾಗಿದೆ. ಎರಡು ಡಿಸ್ಕುಗಳ ಜೋಡಿಯಾಗಲಿ ಸ್ನ್ಯಾಪ್‌ಶಾಟ್ ಆಗಲಿ ಬೇರೆ ಪ್ರತಿಗೆ ಸಮನಲ್ಲ. ಕಳ್ಳತನ, ಬೆಂಕಿ, ಸಿಡಿಲು, ತಪ್ಪಾಗಿ ಕೊಟ್ಟ ಒಂದು ಆಜ್ಞೆ, ಇವುಗಳೆದುರು ಒಂದೇ ಪೆಟ್ಟಿಗೆಯೊಳಗಿನ ಎರಡು ಪ್ರತಿಗಳಿಗೂ ಒಂದೇ ಗತಿ. ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಊರಿನ ನಂಟರ ಮನೆಯಲ್ಲಿ ಇಡುವುದು ಶ್ರೇಯಸ್ಕರ. ಮಗನೋ ಮಗಳೋ ಯಂತ್ರದ ಮುಂದೆ ಕುಳಿತು ‘ಜಾಗವಿಲ್ಲ’ವೆಂದು ಹೇಳಿದಾಗ, ಏನನ್ನಾದರೂ ಅಳಿಸೆಂದು ಅವಸರಪಡಿಸದೆ, ಯಾವ ಲೆಕ್ಕದಂತೆ ಜಾಗವಿಲ್ಲವೆಂದು ಕೇಳಿರಿ.

ವಿದ್ಯಾರ್ಥಿಗಳೇ, ಯಂತ್ರದ ಮಾತು ಸಾಕ್ಷಿಯ ಮಾತಿನಂತೆ. ಸಾಕ್ಷಿಯು ತಾನು ಕಂಡಷ್ಟನ್ನು ಹೇಳುವನು. ತೀರ್ಪು ಕೊಡುವ ಹೊಣೆ ಕೇಳಿದವನದು. ಒಬ್ಬ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡದೆ, ಮೂವರನ್ನು ಕೇಳಿ, ಅವರ ಮಾತುಗಳ ಅಂತರವನ್ನು ಕೂಡಿ ಕಳೆದು ನೋಡುವವನೇ ಒಳ್ಳೆಯ ಲೆಕ್ಕಿಗನು.

ಅಭ್ಯಾಸ

೧. ‘ಆದೋನಿ’ ಎಂಬ ಪದವನ್ನು ಯುಟಿಎಫ್-೮ರಲ್ಲಿ ಬರೆಯಲು ಎಷ್ಟು ಬೈಟುಗಳು ಬೇಕು?

೨. ೪ ಟೆರಾಬೈಟಿನ ಮೂರು ಡಿಸ್ಕುಗಳಲ್ಲಿ ಒಂದರಷ್ಟನ್ನು ರಕ್ಷಣೆಗೆ ಮೀಸಲಿಟ್ಟರೆ ಉಳಿಯುವ ಸ್ಥಳವೆಷ್ಟು? ೧೦೨೪ರ ಮಾನದಲ್ಲಿ ಅದು ಸುಮಾರು ಎಷ್ಟು ಕಾಣುವುದು?

೩. ತುಂಗಭದ್ರಾ ಜಲಾಶಯದ ಮಟ್ಟದ ಕಲ್ಲಿಗೂ ಡಿ-ಎಫ್ ಆಜ್ಞೆಗೂ ಇರುವ ಹೋಲಿಕೆಯನ್ನು ನಿಮ್ಮ ಮಾತಿನಲ್ಲಿ ವಿವರಿಸಿರಿ.

೪. ಕಡತಗಳನ್ನು ಅಳಿಸಿದರೂ ಸ್ಥಳ ಹೆಚ್ಚಲಿಲ್ಲ. ಇದಕ್ಕೆ ಇರಬಹುದಾದ ಎರಡು ಕಾರಣಗಳನ್ನೂ, ಅವುಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವ ಬಗೆಯನ್ನೂ ಬರೆಯಿರಿ.

೫. ನಿಮ್ಮ ಮನೆಯಲ್ಲಿ ಒಂದೇ ಪ್ರತಿಯಿರುವ ಹಳೆಯ ಬರಹ, ಫೋಟೋ, ಧ್ವನಿಗಳನ್ನು ಹಿರಿಯರನ್ನು ಕೇಳಿ ಪಟ್ಟಿಮಾಡಿರಿ. ಎರಡನೆಯ ಪ್ರತಿಯನ್ನು ಎಲ್ಲಿ ಇಡುವಿರೆಂಬುದನ್ನು ಪ್ರತಿಯೊಂದರ ಎದುರಿಗೆ ಬರೆಯಿರಿ.